ಹನಿ ಬೀಳುವವರೆಗೆ ಹಿಡಿದ ಕೈ

ಬೆಳಗಿನ ಆರೂ ಕಾಲು. ಅರಸೀಕೆರೆಯ ಚಿಕ್ಕ ಆಸ್ಪತ್ರೆಯೊಂದರ ಕೋಣೆಯಲ್ಲಿ ಹತ್ತೊಂಬತ್ತರ ಶಿಲ್ಪಾ ಮಂಡಿಗಳನ್ನು ಹೊಟ್ಟೆಗೆ ಮಡಚಿ ಮಗ್ಗುಲಾಗಿ ಮಲಗಿದ್ದಾಳೆ. ಅವಳ ಕತ್ತಿಗೊಂದು, ಮಂಡಿಯ ಹಿಂದೊಂದು ಕೈ ಹಾಕಿ ತಬ್ಬಿ ಹಿಡಿದಿರುವವರು ಆಯಾ ಸಣ್ಣತಾಯಮ್ಮ. ಬೆನ್ನ ಹಿಂದೆ ಡಾಕ್ಟರ್ ಲಕ್ಷ್ಮೀಶ, ಅವರ ಕೈಯಲ್ಲಿ ಉದ್ದನೆಯ ಸೂಜಿ. ಸಣ್ಣತಾಯಮ್ಮನ ಬಗ್ಗೆ ಬರೆಯಲು ಬಂದ ನಾನು ಗೋಡೆ ನೋಡುತ್ತಿದ್ದೇನೆ. ಸೂಜಿ ಕಂಡರೆ ನನಗೆ ಭಯ, ಏನು ಮಾಡಲಿ!

"ನಮ್ಮ ಹುಲಿಕೆರೆ ಕೊಳಕ್ಕೆ ಇಳಿಯಾನ ಬಾ ಮಗಾ. ಒಂದ್ನೇ ಮೆಟ್ಲು. ನಿಧಾನ. ಎರಡ್ನೇದು. ಇಲ್ಲಿ ತಂಪೈತೆ ನೋಡು..."

ಸಣ್ಣತಾಯಮ್ಮನ ಜೊತೆಗೆ ಹುಡುಗಿಯೂ ಎಣಿಸುತ್ತಾಳೆ. ಬೆನ್ನುಹುರಿಯ ನೀರು ಹನಿಹನಿಯಾಗಿ ಸೀಸೆಗೆ ಬೀಳುತ್ತದೆ. ಆ ಕೊಳಕ್ಕೆ ಎಷ್ಟು ಮೆಟ್ಟಿಲು ಎಂದು ಆಮೇಲೆ ಕೇಳಿದರೆ, "ಡಾಕ್ಟ್ರು ಸಾಕು ಅನ್ನೋವಷ್ಟು!" ಎಂದು ನಗುತ್ತಾರೆ.

ಈ ಹನಿಗಳ ಮೇಲೆಯೇ ಎಲ್ಲವೂ ನಿಂತಿದೆ. ನಾಲ್ಕು ತಿಂಗಳ ಹಿಂದೆ, ಟೀಚರ್ ಟ್ರೈನಿಂಗ್ ಓದುತ್ತಿದ್ದ ಮಾದಿಹಳ್ಳಿಯ ಶಿಲ್ಪಾ ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟಳು, ಇಲ್ಲದವರ ಜೊತೆ ಮಾತಾಡಿದಳು, ಫಿಟ್ಸ್ ಬಂತು. ಊರವರು ಗಾಳಿ ಸೋಕಿದೆ ಎಂದರು. ಲಕ್ಷ್ಮೀಶರು ಬೆನ್ನಿನ ನೀರು ತೆಗೆದು ಬೆಂಗಳೂರಿಗೆ, ಅಲ್ಲಿಂದ ಹೊರದೇಶಕ್ಕೆ ಕಳಿಸಿದರು. ಮೈ ಕಾಯಬೇಕಾದ ಶಕ್ತಿಯೇ ಮಿದುಳಿನ ಮೇಲೆ ಎರಗಿದೆ ಎಂಬ ಗುರುತು ಅದರಲ್ಲಿ ಸಿಕ್ಕಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಔಷಧಿಯಿಂದ ಹುಡುಗಿ ಈಗ ಚೇತರಿಸಿಕೊಂಡಿದ್ದಾಳೆ. ಆದರೆ ಒಳಗೂ ವಾಸಿಯಾಗಿದೆಯೇ? ಔಷಧಿ ಇಳಿಸಿ, ಅವಳನ್ನು ಕಾಲೇಜಿಗೆ ಕಳಿಸಬಹುದೇ? "ಅದನ್ನ ರಕ್ತಕ್ಕಿಂತ ಈ ನೀರೇ ಸರಿಯಾಗಿ ಹೇಳುತ್ತೆ" ಎನ್ನುತ್ತಾರೆ ಡಾಕ್ಟರು.

ಅದಕ್ಕೆ ತಾಯಿ ಕಾಂತಮ್ಮ ಒಪ್ಪಬೇಕಲ್ಲ! "ಬೆನ್ನಿನ ನೀರು ತೆಗುದ್ರೆ ಸೊಂಟ ಬಿದ್ದೋಗುತ್ತಂತೆ. ಒಂದ್ಸಲ ಕೊಟ್ಟಿದ್ದು ಸಾಕು" ಎಂದು ನಿನ್ನೆ ಸಂಜೆ ಬ್ಯಾಗು ಕಟ್ಟಿಬಿಟ್ಟಿದ್ದರು. ಆಗ ಸಣ್ಣತಾಯಮ್ಮ ಪಕ್ಕದಲ್ಲಿ ಕೂತು ತಮ್ಮದೇ ಮಾನ ಕಳೆಯುವ ಹಳೆಯ ಕಥೆಯೊಂದನ್ನು ಹೇಳಿದರು.

1996ರಲ್ಲಿ ಅವರು ಇಲ್ಲಿ ಕಸ ಗುಡಿಸಲು ಸೇರಿದ್ದು. ಹಾರನಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು, ಈಗಲೂ ಹಾಗೆಯೇ. ಮೂರನೇ ದಿನ ಟ್ರೇಯಲ್ಲಿ ಮೂರು ಪುಟ್ಟ ಸೀಸೆ ಕಂಡವು. "ತಿಳಿನೀರು ಕಣ್ರೀ! ಯಾರೋ ತೊಳ್ದು ಹಂಗೇ ಬಿಟ್ಟವ್ರೆ ಅಂತ ಚೆಲ್ಬಿಟ್ಟೆ." ಅದು ನಂಜಪ್ಪ ಎಂಬ ಮುದುಕರ ಬೆನ್ನಿನ ನೀರು, ಅವರು ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಕಾಯಿತು. "ನನ್ನಿಂದಾನೇ ಆಯ್ತಲ್ಲ ಅಂತ ಅಳ್ತಾ, ಚುಚ್ಚೋವಾಗ ಹೋಗಿ ತಬ್ಕೊಂಡೆ. ಅಜ್ಜ ಅಲ್ಲಾಡ್ಲೇ ಇಲ್ಲ. ಅವತ್ತಿಂದ ಡಾಕ್ಟ್ರು ನನ್ನೇ ಕರೀತಾರೆ. ಎರಡು ಸಲ ಚುಚ್ಚಿದ್ರೂ ಅಜ್ಜ ನಡ್ಕೊಂಡೇ ಹೋಗಿ ಬಸ್ ಹತ್ತುದ್ರು ಕಣವ್ವ." ಕಾಂತಮ್ಮ ಬ್ಯಾಗು ಕೆಳಗಿಟ್ಟರು.

ಅಲ್ಲಿಂದ ಈ 2009ರವರೆಗೆ ಹದಿಮೂರು ವರ್ಷ, ವಾರಕ್ಕೆ ಎರಡೋ ಮೂರೋ ಸೂಜಿ. ಸಾವಿರದ ಐನೂರಾದರೂ ದಾಟಿರಬೇಕು ಎನ್ನುತ್ತಾರೆ ಡಾಕ್ಟರು. ಮೆಟ್ಟಿಲು ಎಣಿಸುವವರು ಇದನ್ನು ಎಣಿಸಿಲ್ಲ.

ಸೀಸೆಗಳು ಐಸ್ ಡಬ್ಬಿ ಸೇರಿ ಬೆಳಗಿನ ರೈಲಿಗೆ ಹೊರಡುತ್ತವೆ. ಮಲಗಿದ್ದ ಶಿಲ್ಪಾ ಸಣ್ಣತಾಯಮ್ಮನ ಮಣಿಕಟ್ಟು ನೋಡಿ, "ಆಂಟಿ, ಇದೇನಾಯ್ತು?" ಎನ್ನುತ್ತಾಳೆ. ಅಲ್ಲಿ ಅರೆಚಂದ್ರದಂಥ ಹಲ್ಲಿನ ಗುರುತು.

"ನಾಯಿಮರಿ ಕಣವ್ವ. ಪಾಪ, ಹೆದ್ರಿತ್ತು."

ಕಾಂತಮ್ಮ ಆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮೊದಲ ಸಲ ಸೂಜಿ ಹಾಕುವಾಗ ಕಚ್ಚಿದ್ದು ಶಿಲ್ಪಾಳೇ. ಕಾಯಿಲೆಯ ಆ ದಿನಗಳು ಅವಳಿಗೆ ಒಂದಿಷ್ಟೂ ನೆನಪಿಲ್ಲ. ಸೂಜಿಗೆ ಹೆದರುವ ನನಗೆ ಈ ಸುಳ್ಳಿಗೆ ಕಣ್ಣು ತುಂಬಿತು.

ಐದು ವಾರದ ಮೇಲೆ ರಿಪೋರ್ಟು ಬಂತು. ಕಾಯಿಲೆಯ ಗುರುತು ಹೆಚ್ಚೂಕಡಿಮೆ ಅಳಿಸಿಹೋಗಿದೆ. ಹುಡುಗಿ ಕಾಲೇಜಿಗೆ ಹೊರಟಿದ್ದಾಳೆ. ನಾನು ಖುಷಿಯಿಂದ ಬರಹ ಮುಗಿಸಿ ಸಣ್ಣತಾಯಮ್ಮನಿಗೆ ಓದಿ ಹೇಳಲು ಹೋದೆ. ಹಲ್ಲಿನ ಗುರುತಿನ ಮಾತು ಬಂದಾಗ ತಡೆದರು. "ಅದು ಬ್ಯಾಡಿ ಸಾರ್. ಆ ಮಗು ನೊಂದ್ಕೊಳ್ತದೆ."

"ಅದಿಲ್ಲದೆ ನಿಮ್ಮ ಬಗ್ಗೆ ಇನ್ನೇನು ಬರೀಲಮ್ಮ?" ಎಂದು ರೇಗಿದೆ. ಅವರೇ ದಾರಿ ತೋರಿಸಿದರು.

ಹಾಗಾಗಿ, ಆ ಹುಡುಗಿ ಶಿಲ್ಪಾ ಅಲ್ಲ, ಅವಳ ಊರು ಮಾದಿಹಳ್ಳಿಯಲ್ಲ. ನಾಯಿಮರಿಯೂ ನಾಯಿಮರಿಯಲ್ಲ. ಸೂಜಿಯ ಹೊತ್ತಿನಲ್ಲಿ ಅವರು ಎಣಿಸುವುದು ಮೆಟ್ಟಿಲನ್ನಲ್ಲ, ಅವರ ಹೆಸರೂ ಸಣ್ಣತಾಯಮ್ಮ ಅಲ್ಲ. ಎಲೆಮರೆಯ ಕಾಯನ್ನು ತೋರಿಸಲು ಹೋದವನು ಇನ್ನೊಂದು ಎಲೆ ಮುಚ್ಚಿ ಬಂದಿದ್ದೇನೆ.

ತಿದ್ದಿದ್ದನ್ನು ಮತ್ತೆ ಓದಿದೆ. ಅವರ ಮುಖ ಅರಳಿತು.

"ಈಗ ಸರಿಹೋಯ್ತು. ಆ ಮಗು ಓದಿದ್ರೂ, ಅಯ್ಯೋ ಪಾಪ, ಯಾವ ಹುಡುಗೀನೋ ಏನೋ ಅಂದ್ಕೊಂಡು ಪುಟ ತಿರುಗಿಸ್ಬೇಕು."