ಗೋಲ್‌ಪೋಸ್ಟ್‌ ಮುಂದೆ ಅಳಿಯ

"ಏಯ್ ಉದ್ದನ್ ಮನುಷ್ಯ, ಬಾಲ್ ಬಿಡೋ ಮಾರಾಯ! ಬಿಟ್ರೆ ನಿನ್ ಗಂಟೇನು ಹೋಗುತ್ತೆ?"

ಫುಟ್‌ಬಾಲ್ ಕಪ್ ಪಂದ್ಯ ನೋಡಲು ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿದ್ದೆ. ಪಕ್ಕದಲ್ಲಿ ಕುಳಿತಿದ್ದ ಆ ಊರಿನ ಹಿರಿಯ ಹೆಂಗಸು ನಮ್ಮ ತಂಡದ ಗೋಲ್‌ಕೀಪರ್‌ನನ್ನು ಆಟದುದ್ದಕ್ಕೂ ಹೀಗೇ ಬೈಯುತ್ತಿದ್ದರು. ಆತ ಕೊನೆಯ ಪೆನಾಲ್ಟಿಯನ್ನೂ ತಡೆದ, ನಾವು ಗೆದ್ದೆವು. ಮರುಕ್ಷಣವೇ ಗ್ಲೌಸ್ ಕಳಚುತ್ತಾ ನೇರ ನಮ್ಮತ್ತ ಬಂದ. ಇನ್ನು ಜಗಳವೇ ಗತಿ ಎಂದು ನಾನು ಚಪ್ಪಲಿ ಹುಡುಕತೊಡಗಿದೆ.

ಆತ ಬಗ್ಗಿ ಆಕೆಯ ಕಾಲಿಗೆ ನಮಸ್ಕರಿಸಿದ! ಆಕೆ ಥಟ್ಟನೆ ಎದ್ದು, ಸೆರಗು ಸರಿಮಾಡಿಕೊಂಡು, ಮೆಲುದನಿಯಲ್ಲಿ ಹೇಳಿದರು: "ಬನ್ನಿ ಅಳಿಯಂದ್ರೇ, ಹೋಳಿಗೆ ಮಾಡಿದೀನಿ. ಆದ್ರೂ ನಮ್ಮನೆ ತುಪ್ಪ ತಿಂದು, ನಮ್ಮೂರಿಗೆ ಒಂದ್ ಗೋಲಾದ್ರೂ ಬಿಡಬಾರದಿತ್ತಾ?"

ನಾನೂ ಒಂದು ಮನೆಯ ಅಳಿಯನೇ. ನಮ್ಮತ್ತೆ ಇಂದಿಗೂ ಕೇಳದಿದ್ದರೂ ತುಪ್ಪ ಸುರಿಯುತ್ತಾರೆ, ಒಂದು ಗಡಸು ಮಾತೂ ಆಡಿದವರಲ್ಲ. ಅವರನ್ನೂ ಒಮ್ಮೆ ಮೈದಾನಕ್ಕೆ ಕರೆದೊಯ್ಯಬೇಕು ಎಂದು ವಾಪಸ್ ಬರುವಾಗ ಬಸ್ಸಿನಲ್ಲೇ ತೀರ್ಮಾನಿಸಿದೆ. ಇನ್ನೂ ಧೈರ್ಯ ಸಾಲುತ್ತಿಲ್ಲ.