ಹಿಂದಿ ಅಕ್ಕೋರು ಹೇಳಿದ ಸಾಕ್ಷಿ

ಖಾನಾಪುರದ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ ಅಲ್ಲಿ ಹಿಂದಿ ಕಲಿಸುತ್ತಿದ್ದ ಅಕ್ಕೋರು ಉತ್ತರ ಪ್ರದೇಶದವರು. ಗಂಡ ಬೆಳಗಾವಿಯ ದಂಡಿನಲ್ಲಿ ಸಿಪಾಯಿಯಾಗಿದ್ದು ತೀರಿಕೊಂಡ ಮೇಲೆ ಅವರು ತವರಿಗೆ ಮರಳದೆ ಕ್ಯಾಂಪಿನ ಹತ್ತಿರವೇ ಉಳಿದಿದ್ದರು. ಬಾಡಿಗೆ ಮನೆಯ ಒಡತಿಯಿಂದ ಕಲಿತ ಕನ್ನಡವನ್ನು ನಮ್ಮ ಹಾಗೆಯೇ ಆಡುತ್ತಿದ್ದರು. ನನ್ನ ಮನೆಯೂ ಬೆಳಗಾವಿಯಲ್ಲೇ, ರವಿವಾರ ಪೇಟೆಯಲ್ಲಿ; ಅಪ್ಪನ ಅಂಗಡಿಯೂ ಅಲ್ಲೇ. ಎಂಟು ವರ್ಷ ನಾವಿಬ್ಬರು ಹೆಂಗಸರೂ ಒಂದೇ ಬಸ್ಸಿನಲ್ಲಿ ಹೋಗಿ ಬಂದೆವು.

ಆ ದಾರಿಯುದ್ದಕ್ಕೂ ಅವರು ತಮ್ಮ ಊರಿನ ಮಾತು ಹೇಳುತ್ತಿದ್ದರು. ಗಂಗೆಯ ದಂಡೆಯ ಸಣ್ಣ ಊರು. ಯಾವನೋ ಪಠಾಣ ನವಾಬ ಕಟ್ಟಿಸಿದ ಹೆಬ್ಬಾಗಿಲು, ಅದರೊಳಗೆ ಎರಡು ಓಣಿ. ಒಂದರಲ್ಲಿ ಬಟ್ಟೆಗೆ ಬಣ್ಣದ ಹೂವು ಒತ್ತುವವರು, ಇನ್ನೊಂದರಲ್ಲಿ ಅದಕ್ಕೆ ಬೇಕಾದ ಮರದ ಅಚ್ಚು ಕೆತ್ತುವವರು. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಹೊತ್ತುತ್ತಿರಲಿಲ್ಲ. ಸಿಪಾಯಿಗಳು ದಂಗೆ ಎದ್ದ ಕಾಲದಲ್ಲಿ ಬ್ರಿಟಿಷರು ಎರಡೂ ಓಣಿಯ ಕೆಲವರನ್ನು ಬಾಗಿಲೆದುರಿನ ಒಂದೇ ಹುಣಸೆಮರಕ್ಕೆ ನೇಣು ಹಾಕಿದ್ದರಂತೆ. ಊರವರು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ಅಕ್ಕೋರಿಗೆ ಹನ್ನೊಂದು ವರ್ಷವಾಗಿದ್ದಾಗ, ಮೆರವಣಿಗೆ ಯಾವ ಓಣಿಯಿಂದ ಹೋಗಬೇಕೆಂಬ ಜಗಳದಲ್ಲಿ, ಬಣ್ಣ ಒತ್ತುವ ಅವರ ಅಪ್ಪನನ್ನು ಅಚ್ಚಿನ ಓಣಿಯವರು ಅದೇ ಮರದ ಕೆಳಗೆ ಬಡಿದು ಕೊಂದರು. ಕತ್ತಿ ಕೊಡಲಿಯಿಂದಲ್ಲ, ಅಚ್ಚು ಕೆತ್ತಲು ಕೂಡಿಟ್ಟ ಕಟ್ಟಿಗೆಯಿಂದ. ಮರುದಿನ ಬಣ್ಣದ ಓಣಿಯವರು ಆ ಓಣಿಯ ಇಬ್ಬರನ್ನು ಹಿಡಿದು ತಂದು ಬಣ್ಣದ ಹಂಡೆಯಲ್ಲಿ ಮುಳುಗಿಸಿ ಸಾಯಿಸಿದರು.

"ಕಿಡಕಿ ತೆರದು ಎಲ್ಲಾರೂ ನೋಡಿದ್ರು. ಕೋರ್ಟಿನ್ಯಾಗ ಒಬ್ಬರೂ ನೋಡಿಲ್ಲ ಅಂದ್ರು," ಎಂದರು ಅಕ್ಕೋರು. "ಆ ಇಬ್ಬರ ವಿಷಯದಾಗ ನಮ್ಮವ್ವನೂ ಹಂಗ ಅಂದ್ಳು."

ಎಂಬತ್ತರ ದಶಕದಲ್ಲಿ ಕನ್ನಡ-ಮರಾಠಿ ಗಲಾಟೆ ಜೋರಾಗಿದ್ದ ಒಂದು ಮಧ್ಯಾಹ್ನ ಶಾಲೆ ಅರ್ಧಕ್ಕೇ ಬಿಟ್ಟಿತು. ಬೆಳಗಾವಿಯ ಬಸ್ಸು ಖಾನಾಪುರ ದಾಟಿ ಸ್ವಲ್ಪ ದೂರ ಬಂದಿರಬೇಕು, ರಸ್ತೆಗೆ ಅಡ್ಡಲಾಗಿ ಮರ ಕಡಿದು ಹಾಕಿದ್ದರು. ಮೂವತ್ತು ನಲವತ್ತು ಜನ. ಅವರು ಯಾವ ಭಾಷೆಯವರೆಂದು ನಾನು ಬರೆಯುವುದಿಲ್ಲ. ಆ ವಾರ ಎರಡೂ ಕಡೆಯವರ ಕೈಯಲ್ಲಿ ಕಲ್ಲಿತ್ತು.

ಕಂಡಕ್ಟರನನ್ನು ಕೆಳಗೆಳೆದು ಮಾತಾಡು ಎಂದರು. ಅವನು ಬಾಯಿ ತೆರೆದದ್ದೇ ತಡ, ಅವನ ಟಿಕೆಟ್ಟಿನ ಪೆಟ್ಟಿಗೆಯನ್ನೇ ಕಸಿದು ತಲೆಗೆ ಅಪ್ಪಳಿಸಿದರು. ಬಿದ್ದವನ ಪಕ್ಕೆಗೆ ಸರದಿಯ ಮೇಲೆ ಒದ್ದರು. ಕಿವಿಯಿಂದ ರಕ್ತ ಇಳಿಯುತ್ತಿತ್ತು. ನಾವೆಲ್ಲ ಒಳಗೆ ಬಗ್ಗಿ ಕುಳಿತಿದ್ದೆವು. ಅಕ್ಕೋರು ಎದ್ದರು. ನಾನು ಸೆರಗು ಹಿಡಿದೆಳೆದೆ.

"ಇಳೀಬ್ಯಾಡ್ರಿ ಅಕ್ಕೋರ."

"ಅಂವ ಸಾಯ್ತಾನ್ರಿ. ಬಿಡ್ರಿ."

ಇಳಿದು ಹೋಗಿ ಕಂಡಕ್ಟರನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಗುಂಪಿನ ಮುಂದೆ ನಿಂತಿದ್ದವನು ಐದಾರು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಓದಿದವನು. ನನ್ನ ವಿದ್ಯಾರ್ಥಿಯೂ ಹೌದು. ಅಕ್ಕೋರು ಅವನ ಹೆಸರು ಹಿಡಿದು, ತರಗತಿಯಲ್ಲಿ ಮಾತಾಡುವಂತೆ ಹಿಂದಿಯಲ್ಲಿ, ಕಲ್ಲು ಕೆಳಗಿಡು ಎಂದರು. ಅವನ ಕೈ ಇಳಿಯಿತು ಕೂಡ. ಹಿಂದಿನಿಂದ ಯಾರೋ ನಕ್ಕರು. ಅವನು ಕಲ್ಲು ಬೀಸಿದ. ಅಕ್ಕೋರ ದವಡೆಯ ಎಲುಬು ಮುರಿದ ಸದ್ದು ನನ್ನ ಕಿಟಕಿಯವರೆಗೂ ಕೇಳಿಸಿತು.

ಕಂಡಕ್ಟರ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಹುಡುಗನನ್ನು ಪೊಲೀಸರು ಹಿಡಿದರು. ಖಟ್ಲೆ ನಡೆಯುವ ಮುಂಚೆ ಅವನ ಇಬ್ಬರು ಕಾಕಂದಿರು ನಮ್ಮ ಅಂಗಡಿಗೆ ಬಂದು ಅಪ್ಪನೊಡನೆ ಚಹಾ ಕುಡಿದರು. "ನಿಮ್ಮ ಮಗಳು ದಿನಾ ಅದ ರಸ್ತಾದಾಗ ಓಡಾಡ್ತಾರಲ್ರಿ," ಎಂದಷ್ಟೇ ಹೇಳಿ ಹೋದರು. ಮನೆಗೆ ಬಂದ ಅಪ್ಪ, "ನೀ ಏನೂ ನೋಡಿಲ್ಲ, ತಿಳೀತೇನವಾ," ಎಂದ.

ಕೋರ್ಟಿನಲ್ಲಿ ನಾನು ಹಾಗೆಯೇ ಹೇಳಿದೆ. ಅಂದು ಬಸ್ಸಿನಲ್ಲಿದ್ದ ಉಳಿದವರೂ ಹಾಗೆಯೇ ಹೇಳಿದರು. ಅಕ್ಕೋರು ಮಾತ್ರ ಸೊಟ್ಟಗಾದ ದವಡೆಯಿಂದ ಒಂದೊಂದೇ ಮಾತು ಹೊರಡಿಸುತ್ತ, ಯಾರು ಒದ್ದರು, ಯಾರು ಪೆಟ್ಟಿಗೆ ಕಸಿದರು, ಎಲ್ಲವನ್ನೂ ಹೇಳಿದರು. ಅಕ್ಕೋರಿಗೆ ಹೊಡೆದದ್ದಕ್ಕೆ ಆ ಹುಡುಗನಿಗೆ ಒಂದು ವರ್ಷ ಶಿಕ್ಷೆಯಾಯಿತು. ಕಂಡಕ್ಟರನ ಸಾವಿಗೆ ಯಾರಿಗೂ ಆಗಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ನಾನು, "ಅಂಜಿಕಿ ಆತ್ರಿ ಅಕ್ಕೋರ," ಎಂದೆ.

"ನನಗೂ ಆಗಿತ್ರಿ," ಎಂದರು.

ಮುಂದಿನ ಜೂನ್‌ಗೆ ನಾನು ಬೆಳಗಾವಿಗೆ ವರ್ಗ ಮಾಡಿಸಿಕೊಂಡೆ. ಅವರು ನಿವೃತ್ತರಾಗುವವರೆಗೂ ಖಾನಾಪುರದಲ್ಲೇ ಕಲಿಸಿದರು.