ಶಾಸ್ತ್ರದಲ್ಲಿ ಹೆಸರಿಲ್ಲದ ಹೂವು

ಹಿತ್ತಲಿನ ಹೂವು ಯಾರ ತಲೆಗೆ ಏರಬೇಕೆಂದು ಮನೆಯ ಗಂಡಸರು ತೀರ್ಮಾನಿಸುತ್ತಿದ್ದ ದಿನಗಳವು. ಎಪ್ಪತ್ತರ ದಶಕ, ಬೈಲಹೊಂಗಲ. ನಮ್ಮ ಹಿತ್ತಲಲ್ಲಿ ದುಂಡುಮಲ್ಲಿಗೆ, ಅಬ್ಬಲಿಗೆ, ಸೇವಂತಿಗೆ. ಮೊದಲು ದೇವರಿಗೆ, ಆಮೇಲೆ ಮುತ್ತೈದೆಯರ ತುರುಬಿಗೆ, ಉಳಿದರೆ ನಮ್ಮಂಥ ಹುಡುಗಿಯರ ಜಡೆಗೆ. ನೀರು ಹಾಕುವವಳು ಮಾತ್ರ ಅಜ್ಜಿ. ಅಪ್ಪ ತೊಟ್ಟಿಲಲ್ಲಿದ್ದಾಗಲೇ ಅಜ್ಜ ತೀರಿಕೊಂಡಿದ್ದರಿಂದ ಅವಳಿಗೆ ಹೂವಿನ ವಾಸನೆಯಷ್ಟೇ ಪಾಲು.

ಒಂದು ಮಳೆಗಾಲ ಅಪ್ಪ ಬೆಳಗಾವಿಯಿಂದ ಎಣ್ಣೆ ಡಬ್ಬಿಯಲ್ಲಿ ಹೈಡ್ರೇಂಜಿಯಾ ಎಂಬ ಹೂಗಿಡದ ಕಡ್ಡಿ ತಂದ. ಆ ಹೆಸರಿಗೆ ಅಜ್ಜಿಯ ನಾಲಿಗೆ ತಿರುಗಲಿಲ್ಲ, ‘ಬೆಳಗಾವಿ ಹೂವು’ ಅಂದಳು. ಬಿಸಿಲು ತಾಗದ ಗೋಡೆಯ ಮಗ್ಗುಲಿಗೆ ನೆಟ್ಟು, ಅಕ್ಕಿ ತೊಳೆದ ನೀರು ಹಾಕಿ, ಕೊಳೆತ ಎಲೆ ಮುಚ್ಚಿ ಬೆಳೆಸಿದಳು. ಮರುವರ್ಷ ಬೇಸಿಗೆಗೆ ಬಾವಿ ತಳ ಕಂಡಿತು. ಮನೆಗೆ ಹಿರಿಯನಾದ ದೊಡ್ಡಪ್ಪ ಪೂಜೆ ಮುಗಿಸಿ ಬಂದವನೇ ಆ ಗಿಡದ ಮುಂದೆ ನಿಂತ.

“ಅವ್ವಾ, ಇದಕ್ಕ ವಾಸನಿ ಇಲ್ಲ, ಪೂಜಿಗೆ ಬರೂದಿಲ್ಲ. ಶಾಸ್ತ್ರದಾಗ ಇದರ ಹೆಸರ ಇಲ್ಲ. ಇದಕ್ಯಾಕ ನೀರು?”

ಬಾವಿಯ ನೀರನ್ನು ಒಂದು ತಂಬಿಗೆ ಹಾಕಿದರೂ ಕಿತ್ತು ಒಗೆಯುತ್ತೇನೆಂದ. ಅಜ್ಜಿ ಮರುದಿನ ಬಚ್ಚಲಿನ ಕಲ್ಲನ್ನೇ ಗಿಡದ ಪಕ್ಕಕ್ಕೆ ಉರುಳಿಸಿಕೊಂಡು, ಸುತ್ತ ಹಳೆಯ ಸೀರೆ ಕಟ್ಟಿ, ಅಲ್ಲೇ ಸ್ನಾನಕ್ಕೆ ಕೂತಳು. ಸಾಬೂನು ಗಿಡಕ್ಕೆ ಆಗದೆಂದು ಕಡಲೆಹಿಟ್ಟು ಹಚ್ಚಿಕೊಂಡಳು. ತನ್ನ ಪಾಲಿನ ನೀರನ್ನು ಎಲ್ಲಿ ಸುರಿದುಕೊಂಡರೆ ಯಾರಿಗೇನಂತೆ ಎಂದು ಸೀರೆಯ ಹಿಂದಿನಿಂದಲೇ ಕೇಳಿದಳು. ದೊಡ್ಡಪ್ಪ ಮುಖ ತಿರುಗಿಸಿ ಒಳಗೆ ಹೋದ. ನನಗೋ ನಗು ತಡೆಯಲಾಗಲಿಲ್ಲ. ಬೇಸಿಗೆಯುದ್ದಕ್ಕೂ ಅವಳ ಸ್ನಾನ ಅಲ್ಲೇ ಆಯಿತು. ಮಧ್ಯಾಹ್ನ ಎಲೆ ಬಾಡಿ ಜೋತಾಡಿದರೆ ಇಬ್ಬರೂ ಸೇರಿ ಒದ್ದೆ ಗೋಣಿ ಹೊದಿಸುತ್ತಿದ್ದೆವು.

ನಾಗರ ಪಂಚಮಿಯ ಹೊತ್ತಿಗೆ ಅದು ಹೂ ಬಿಟ್ಟಿತು. ಬೆಳಗಾವಿಯಲ್ಲಿ ನೀಲಿಯಿತ್ತಂತೆ, ನಮ್ಮ ಎರೆಮಣ್ಣಿನಲ್ಲಿ ಗುಲಾಬಿ ಬಣ್ಣ ತಾಳಿತು. ಮನೆಯಲ್ಲಿ ಶೇಂಗಾ ಉಂಡಿಯ, ಬೆಲ್ಲದ ಪಾಕದ ಘಮ. ಹೆಂಗಸರೆಲ್ಲ ಮಲ್ಲಿಗೆ ಮುಡಿದು ಜೋಕಾಲಿಯ ಸುತ್ತ ಸೇರಿದ್ದರು. ಅಜ್ಜಿ ಬಂದಳು. ಅವಳ ಸಣ್ಣ ಬಿಳಿ ತುರುಬಿನಲ್ಲಿ ಬೆಳಗಾವಿ ಹೂವಿನ ಒಂದು ಗೊಂಚಲಿತ್ತು.

ನಾಗಪ್ಪನಿಗೆ ಹಾಲು ಹೊಯ್ಯಲು ಹೊರಟಿದ್ದ ದೊಡ್ಡಪ್ಪ ಬಟ್ಟಲು ಹಿಡಿದುಕೊಂಡೇ ಏನಿದು ಎಂದ.

“ಶಾಸ್ತ್ರದಾಗ ಇದರ ಹೆಸರ ಇಲ್ಲಂತ ನೀನ ಹೇಳಿದ್ಯಲ್ಲೋ,” ಎಂದಳು ಅಜ್ಜಿ. “ಹೆಸರ ಇಲ್ಲದ್ದನ್ನ ನಾ ಮುಡೀಬಾರದಂತ ಅದರಾಗ ಎಲ್ಲಿ ಬರದದ?”

ದೊಡ್ಡಪ್ಪ ಹಾಲಿನ ಬಟ್ಟಲೊಂದಿಗೆ ನಾಗಪ್ಪನ ಕಡೆಗೆ ಹೊರಟ. ಅಜ್ಜಿ ಜೋಕಾಲಿ ಏರಿ ಕೂತು ನನ್ನತ್ತ ನೋಡಿ, “ಜೀಕ ಬಾ” ಎಂದಳು. ಮೈಯಲ್ಲಿದ್ದ ಕಸುವನ್ನೆಲ್ಲ ಹಾಕಿ ಜೀಕಿದೆ. ಅಂದಿನ ನನ್ನ ಖುಷಿಯನ್ನು ಯಾರ ಮುಂದೆ ಹೇಳಲಿ!

ಈಗ ಆ ಹಿತ್ತಲು ಪಾಲಾಗಿದೆ. ಬಾವಿ ಮುಚ್ಚಿ, ನೆಲಕ್ಕೆಲ್ಲ ಗಚ್ಚು ಹಾಕಿದ್ದಾರೆ. ಗಿಡವಿಲ್ಲ, ಜೋಕಾಲಿ ಕಟ್ಟಲು ಕೊಂಬೆಯೂ ಇಲ್ಲ. ಅಜ್ಜಿ ಹೋಗುವವರೆಗೂ ಆ ಒಂದೇ ಹೂವನ್ನು ಮುಡಿದಳು. ತಾನೇ ನೀರೆರೆದ ಮಲ್ಲಿಗೆ ಅವಳಿಗೆ ದಕ್ಕಲೇ ಇಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಹೋದ ವರ್ಷ ನನ್ನ ಗಂಡ ತೀರಿಕೊಂಡರು. ಇನ್ನು ಹೂವು ಬೇಡವೆಂದು ತಿಳಿಹೇಳಲು ಹಿರಿಯರು ಬಂದರು. ಚಹಾ ಕೊಟ್ಟು ಕಳಿಸಿದೆ. ನಾನು ಮುಡಿಯುವುದು ಮಲ್ಲಿಗೆಯನ್ನೇ, ಶಾಸ್ತ್ರದಲ್ಲಿ ಹೆಸರಿರುವ ಹೂವನ್ನೇ.